ಮಂಜುಳಕ್ಕನ ಮೂರು ಗುಡ್ಡೆ

ಇಂಗ್ಲಿಷಿಗೆ ಹೆದರಿ ಮಂಜುಳಕ್ಕ ಸಿಗಬೇಕಿದ್ದ ದಾವಣಗೆರೆಯ ಆಸ್ಪತ್ರೆ ಕೆಲಸ ಕಳೆದುಕೊಂಡರು ಎಂದು ಚನ್ನಗಿರಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನು, ಸಾಕ್ಷಿ ಕೇಳುವ ಚಟ. ಸಾಕ್ಷಿ ಇವತ್ತು ಬೆಳಿಗ್ಗೆ ಕಪಾಟಿನಿಂದ ತಾನಾಗಿಯೇ ಜಾರಿ ಬಿತ್ತು: ‘ಐವತ್ತು ಇಡಿಯಮ್‌ಗಳು’ ಎಂಬ ನನ್ನದೇ ಜೆರಾಕ್ಸ್ ಹಾಳೆ.

ಎರಡು ವರ್ಷದ ಹಿಂದೆ ಸಂಜೆ ಹೊತ್ತು ಇಂಗ್ಲಿಷ್ ಕ್ಲಾಸು ನಡೆಸುತ್ತಿದ್ದೆ. ದಿನಕ್ಕೆ ಐದು ಇಡಿಯಮ್ ಬಾಯಿಪಾಠ ಮಾಡಿದರೆ ಹತ್ತು ದಿನದಲ್ಲಿ ಇಂಗ್ಲಿಷು ನೀರು ಕುಡಿದಷ್ಟು ಸಲೀಸು ಎಂಬುದು ನನ್ನ ಸಿದ್ಧಾಂತ. (ನಗಬೇಡಿ, ಆಗ ನನಗೆ ಇಪ್ಪತ್ತಮೂರು.) ಮಂಜುಳಕ್ಕ ಹಗಲೆಲ್ಲ ಮಂಡಿಯಲ್ಲಿ ಅಡಿಕೆ ಆರಿಸಿ ನೇರ ಕ್ಲಾಸಿಗೆ ಬರುತ್ತಿದ್ದರು. ಆಸ್ಪತ್ರೆಯ ರಿಸೆಪ್ಷನ್ ಕೆಲಸ ಸಿಕ್ಕರೆ, ನೆಲದ ಮೇಲೆ ಕೂತು ಕೂತು ಹಿಡಿದುಕೊಂಡ ಸೊಂಟಕ್ಕೊಂದು ಕುರ್ಚಿ ಸಿಗುತ್ತಿತ್ತು.

“ಮೇಷ್ಟ್ರೇ, ‘ಕಿಕ್ ದ ಬಕೆಟ್’ ಅಂದ್ರೆ ಸಾಯಾದು ಅಂತ ಬರ್ಸೀರಲ್ಲ, ಇದನ್ನ ಯಾರ ಮುಂದೆ ಅನ್ನಾಕೆ?” ಎಂದು ಒಂದು ಸಂಜೆ ಕೇಳಿದರು.

“ಯಾರ ಮುಂದಾದ್ರೂ. ಅರ್ಥ ಒಂದೇ.”

“ಅದೆಂಗ್ರೀ? ನಮ್ಮಲ್ಲಿ ಸ್ವಾಮಿಗಳು ಲಿಂಗೈಕ್ಯ ಆಗ್ತಾರೆ, ನಮ್ಮ ಮಾವ ತೀರ್ಕೊಂತಾರೆ, ಆಗದೋನು ಗೊಟಕ್ ಅಂತಾನೆ. ಅಡಿಕೇಲಿ ರಾಶಿ, ಬೆಟ್ಟೆ, ಗೊರಬಲು ಅಂತ ತರ ಅದಾವು, ಎಲ್ಲಾ ಒಂದೇ ಚೀಲಕ್ಕೆ ತುಂಬಿದ್ರೆ ಸಾವ್ಕಾರ್ರು ಸುಮ್ಕಿರ್ತಾರಾ? ಈ ಮಾತುಗಳನ್ನೂ ಹಂಗೇ ಗುಡ್ಡೆ ಮಾಡ್ರಿ. ದೊಡ್ಡೋರ ಮುಂದೆ ಅನ್ನೋವು, ನಮ್ ನಮ್ಮೊಳಗೆ ಅನ್ನೋವು, ಕೇಳಿ ಸುಮ್ನಿರೋವು.”

ಕ್ಲಾಸು ಗೊಳ್ಳೆಂದಿತು. ನಾನು ಸೋಲುತ್ತೇನೆಯೇ? ಅಡಿಕೆ ಬೇರೆ, ಭಾಷೆ ಬೇರೆ ಎಂದು ಅರ್ಧ ಗಂಟೆ ವಾದಿಸಿ ಗೆದ್ದೆ.

“ಆತು ಬಿಡ್ರಿ, ನೀವು ಓದಿದೋರು,” ಅಂದರು.

ದಾವಣಗೆರೆಯ ಸಂದರ್ಶನದಲ್ಲಿ, ರೋಗಿ ತೀರಿಕೊಂಡರೆ ಅವರ ಮಗನಿಗೆ ಇಂಗ್ಲಿಷಿನಲ್ಲಿ ಹೇಗೆ ತಿಳಿಸುತ್ತೀರಿ ಎಂದು ಕೇಳಿದರಂತೆ. ಮಂಜುಳಕ್ಕ ಎದ್ದು ನಿಂತು, ಕೈ ಮುಗಿದು, ಸ್ಪಷ್ಟವಾಗಿ, “ಸಾರಿ ಸರ್, ಯುವರ್ ಫಾದರ್ ಹ್ಯಾಸ್ ಕಿಕ್ಡ್ ದ ಬಕೆಟ್” ಎಂದರಂತೆ. ಹೆದರಿದವರ ಮಾತೇ ಇದು, ನೀವೇ ಹೇಳಿ. ನೀರು ಕುಡಿಯುತ್ತಿದ್ದ ಡಾಕ್ಟರಿಗೆ ಕೆಮ್ಮು ಹತ್ತಿತು; ಇನ್ನೊಬ್ಬರು ಫೈಲು ಮುಚ್ಚಿದರು. ಇಷ್ಟನ್ನೂ ನನಗೆ ಹೇಳಿದ್ದು ಬಾಗಿಲ ಬಳಿ ಸರದಿಯಲ್ಲಿದ್ದ ನ್ಯಾಮತಿಯ ಹುಡುಗಿ. ಮಂಜುಳಕ್ಕ ಮಾತ್ರ ಊರಿಗೆ ಬಂದವರೇ, “ಹೆದ್ರಿಕೆ ಆತ್ರೀ, ಬಾಯೇ ಬರ್ಲಿಲ್ಲ” ಎಂದು ಎಲ್ಲರಿಗೂ ಹೇಳಿಬಿಟ್ಟಿದ್ದರು. ನಾನೂ ತೆಪ್ಪಗಿದ್ದೆ. ನನ್ನ ಹಾಳೆಯ ಸುದ್ದಿ ಯಾರಿಗೂ ತಿಳಿಯಲಿಲ್ಲ; ಕ್ಲಾಸು ಚೆನ್ನಾಗಿಯೇ ನಡೆಯಿತು.

ಇವತ್ತು ಸಂಜೆ ಮಂಡಿಗೆ ಹೋದೆ. ಹೊನ್ನಾಳಿಯ ನರ್ಸಿಂಗ್ ಹೋಮೊಂದರಲ್ಲಿ ಸೋಮವಾರ ಸಂದರ್ಶನವಿದೆ, ಈ ಸಲ ನೀವು ಗುಡ್ಡೆ ಮಾಡಿ, ನಾನು ಬರೆದುಕೊಳ್ಳುತ್ತೇನೆ ಎಂದೆ.

“ಮೊದ್ಲು ಕೂತ್ಕಳ್ರಿ, ಅಡಿಕೆ ತುಳೀಬ್ಯಾಡ್ರಿ.”

ನೆಲದ ಮೇಲೆ ಕೂತೆ. ಐದೇ ನಿಮಿಷಕ್ಕೆ ಸೊಂಟ ಹಿಡಿಯಿತು. ಸಿದ್ಧ ಮಾಡಿಕೊಂಡು ಹೋಗಿದ್ದ ವಾದವೆಲ್ಲ ಮರೆತು, ಇಷ್ಟೇ ಕೇಳಿದೆ:

“ಹೆದರಿದೆ ಅಂತ ಯಾಕೆ ಹೇಳಿದ್ರಿ, ಅಕ್ಕಾ?”