ಸಡಿಲಾದ ಎಡ ಅಂಚು

ಬೆಟಗೇರಿಯಲ್ಲಿ ನಮ್ಮ ಪಕ್ಕದ ಮನೆಯ ನೇಕಾರರಿಗೆ ಏನು ಕೇಳಿದರೂ ಸಿಟ್ಟು ಬರುತ್ತಿತ್ತು. "ಊಟ ಆತೇನ್ರಿ ಕಾಕಾ?" ಎಂದರೂ, "ಯಾಕ, ನನಗೇನ್ ಧಾಡಿ ಆಗೈತಿ?" ಎನ್ನುತ್ತಿದ್ದರು. ಹಾಗೆನ್ನುತ್ತಲೇ ಮಗ್ಗದ ಮೇಲಿನ ಸೀರೆಯ ಅಂಚನ್ನು ಎರಡು ಬೆರಳಿನಿಂದ ಸವರುತ್ತಿದ್ದರು. ಆ ಅಂಚು ಒಂದೆಳೆಯಷ್ಟೂ ಡೊಂಕಾಗುತ್ತಿರಲಿಲ್ಲ.

ಏಕೀಕರಣದ ವರ್ಷ, ಓಣಿಗೆ ತೋರಣ ಕಟ್ಟಲು ಏಣಿ ಹತ್ತಿ ಬಿದ್ದರು. ತಲೆ ಕಲ್ಲಿನ ಕಟ್ಟೆಗೆ ಬಡಿಯಿತು. ಎದ್ದು ಧೋತರ ಕೊಡವಿ, ನಕ್ಕವರನ್ನೆಲ್ಲ ಬೈದು, ಮತ್ತೆ ಏಣಿ ಹತ್ತಿದರು. ಗಾಯ ಕಾಣಲಿಲ್ಲ. ನಾವೂ ಮರೆತೆವು.

ಮೂರು ವಾರದ ಮೇಲೆ ಸೀರೆಯ ಎಡ ಅಂಚು ಸಡಿಲಾಗತೊಡಗಿತು. "ನೂಲ ಚಲೋ ಇಲ್ಲ" ಎಂದರು. ನಾನು ನಂಬಿದೆ. ಅವರ ಹೆಂಡತಿ ನಂಬಲಿಲ್ಲ.

"ದಿನಾ ತಲಿ ಹಿಡಕೊಂಡು ಕುಂಡ್ರತೀರಿ. ದವಾಖಾನಿಗೆ ಬರ್ರಿ."

"ನನಗೇನ್ ಧಾಡಿ ಆಗೈತಿ?"

"ನೀವು ಬರಬ್ಯಾಡ್ರಿ. ನಿಮ್ಮ ಸೀರಿ ಬರ್ತೈತಿ!" ಎಂದವರೇ ಅರ್ಧ ನೇಯ್ದ ಸೀರೆಯನ್ನು ಕತ್ತರಿಸಿಕೊಂಡು ಹೊರಟರು. ಕಾಕಾನ ಕೂಗಾಟದ ನಡುವೆ ನಾನೂ ಅವರ ಹಿಂದೆ ಹೋದೆ.

ಗದಗಿನ ಡಾಕ್ಟರು ಅಂಚು ನೋಡಿದರು, ಬಿದ್ದ ಸಂಗತಿ ಕೇಳಿದರು. "ತಲಿಯೊಳಗ ರಕ್ತ ಸಣ್ಣಗ ಸೋರಿ ಮಿದುಳ ಒತ್ತಾಕತ್ತಿರಬೇಕು. ಅದಕ್ಕ ಎಡಗೈ ಸೋತೈತಿ. ಈಗಿಂದೀಗ ಕರಕೊಂಡು ಬರ್ರಿ" ಎಂದರು.

ಟಾಂಗಾದಲ್ಲಿ ಮರಳಿದೆವು. ಕಾಕಾ ಬರಿದಾದ ಮಗ್ಗದ ಮುಂದೆಯೇ ಕುಳಿತಿದ್ದರು. ತೊಡೆಯ ಮೇಲೆ ಬಿದ್ದಿದ್ದ ಎಡಗೈಯನ್ನು ಬಲಗೈಯ ಎರಡು ಬೆರಳಿನಿಂದ ಸವರುತ್ತಿದ್ದರು. ಬೈಗುಳಕ್ಕೆ ಕಾದು ನಿಂತೆ.

ತಲೆ ಎತ್ತಿ, ಮೆಲ್ಲಗೆ, ಉತ್ತರ ಬೇಕೆಂಬಂತೆ ಕೇಳಿದರು: "ನನಗೇನ್ ಆಗೈತೋ ತಮ್ಮಾ?"