ಹೊನ್ನಪ್ಪ ಮರಳಿ ನೀರಿಗಿಳಿದದ್ದು ಏಕೆ

ಹೊನ್ನಪ್ಪ ಗೌಡ ಬಳಚಿನ ಆಸೆಗೆ ಜೀವ ಕಳೆದುಕೊಂಡ ಎಂದು ಊರಿಗೆಲ್ಲ ಹೇಳಿದವಳು ನಾನು. ಅದು ಸುಳ್ಳು. ಆತ ಮರಳಿ ನೀರಿಗಿಳಿದದ್ದು ನನ್ನ ಚೀಲಕ್ಕಾಗಿ — ನಾನು ಇಳಿಸಿದ್ದರಿಂದ. ಇಷ್ಟನ್ನು ಬರೆಯಲು ನನಗೆ ಹನ್ನೆರಡು ವರ್ಷ ಹಿಡಿಯಿತು.

ಆಗ ನಾನು ಹೊನ್ನಾವರದಲ್ಲಿ ಹೈಸ್ಕೂಲು ಮಕ್ಕಳಿಗೆ ಇತಿಹಾಸ ಕಲಿಸುತ್ತಿದ್ದೆ. ರಜೆ ಸಿಕ್ಕರೆ ವೀರಗಲ್ಲು, ಶಾಸನ ಹುಡುಕುತ್ತ ಊರೂರು ಅಲೆಯುವ ಹುಚ್ಚು. ಹುಚ್ಚು ಎಂದರೆ ಚಂದ ಕೇಳಿಸುತ್ತದೆ. ನಿಜಕ್ಕೂ ಇದ್ದದ್ದು ಹೆಸರಿನ ಹಂಬಲ. ಕುಮಟಾದಾಚೆ, ಅಘನಾಶಿನಿ ಕಡಲು ಸೇರುವ ಮುಂಚೆ ಅಗಲವಾಗಿ ಹರಡಿಕೊಳ್ಳುವ ಕಡೆ ಒಂದು ಹಳ್ಳಿಯಿದೆ. ಒಂದು ಕಾಲಕ್ಕೆ ಮೆಣಸಿನ ಹಡಗುಗಳು ಬಂದು ನಿಲ್ಲುತ್ತಿದ್ದವಂತೆ. ಈಗ ಉಳಿದಿರುವುದು ಹೊಳೆಗಿಳಿಯುವ ಕಲ್ಲಿನ ಮೆಟ್ಟಿಲು, ಚಿರೇಕಲ್ಲಿನ ಮುರುಕು ಗೋಡೆ, ಉಪ್ಪುನೀರಿನ ಗದ್ದೆ, ಅದರಾಚೆ ಉಪ್ಪುನೀರಲ್ಲೇ ಬೇರೂರಿದ ಕಾಂಡ್ಲಗಿಡಗಳ ಕಾಡು. ಆ ಕಾಡಿನ ನಡುಗಡ್ಡೆಯಲ್ಲಿ, ದೋಣಿಗಳ ಕಾಳಗ ಕೆತ್ತಿದ ವೀರಗಲ್ಲೊಂದು ಕೆಸರಲ್ಲಿ ಹೂತಿದೆ ಎಂದು ಕೇಳಿದ್ದೆ. ಯಾರೂ ಅದರ ಬಗ್ಗೆ ಬರೆದಿರಲಿಲ್ಲ.

ದಾರಿ ತೋರಿಸಲು ಒಪ್ಪಿದವನು ಅಲ್ಲಿಯೇ ಗದ್ದೆ ಮಾಡಿಕೊಂಡಿದ್ದ ಹೊನ್ನಪ್ಪ. ಬೆಳಿಗ್ಗೆ ಅವನ ಹೆಂಡತಿ ನಾಗಕ್ಕ ನನಗೆ ಚಾ ಕೊಟ್ಟಳು. ನಾವು ಅಂಗಳ ದಾಟುವಾಗ ಹಿಂದಿನಿಂದ ಕೂಗಿದಳು: “ಬರೂವಾಗ ಒಂದ್ ಮುಷ್ಟಿ ಬಳಚು ತರೂದು. ಅಕ್ಕೋರಿಗೆ ಊಟಕ್ಕೆ ಮಾಡ್ವಾ.” ಬಳಚು ಅಂದರೆ ಆ ಕೆಸರಿನಲ್ಲಿ ಸಿಗುವ ಚಿಪ್ಪಿ. ನನಗೋಸ್ಕರ ಹೇಳಿದ ಮಾತು ಅದು. ಅದನ್ನು ಮರೆತೆ ಎಂದು ಹೇಳುವ ಹಾಗೂ ಇಲ್ಲ.

ನೀರು ಇಳಿದಿತ್ತು. ನಡುವಿನ ಕಾಲುವೆಯನ್ನು ಮೊಣಕಾಲುದ್ದ ನೀರಿನಲ್ಲಿ ದಾಟಿದೆವು. ಕಲ್ಲು ಸಿಕ್ಕಿತು! ಮೇಲಿನ ಸಾಲು ಮಾತ್ರ ಕಾಣುತ್ತಿತ್ತು. ಹೊನ್ನಪ್ಪ ಬರಿಗೈಯಲ್ಲಿ ಕೆಸರು ಬಗೆದ. ಎರಡನೆಯ ಸಾಲಿನಲ್ಲಿ ಹುಟ್ಟು ಹಾಕುವವರು, ಅಂಬು ತಗುಲಿ ಬೀಳುತ್ತಿರುವವನು. ನಾನು ಫೋಟೊ ತೆಗೆಯುತ್ತಲೇ ಇದ್ದೆ.

“ಅಕ್ಕೋರೆ, ಭರತಿ ನೀರು ಏರೂಕೆ ಹಿಡೀತು. ಹೋಗ್ವಾ,” ಎಂದ. ಕೆಳಗಿನ ಸಾಲೊಂದನ್ನು ಕಂಡುಬಿಡೋಣ ಎಂದೆ. ಮತ್ತೊಮ್ಮೆ ಕರೆದ. ಮತ್ತೆ ಅದನ್ನೇ ಹೇಳಿದೆ. ಮೂರನೆಯ ಸಲ ಆತ ನನ್ನ ಕೈ ಹಿಡಿದು ಹೊರಟ. ಕಾಲುವೆ ಆಗಲೇ ಎದೆಮಟ್ಟ. ಈಜು ಬಾರದ ನನ್ನನ್ನು ಹೇಗೋ ಎಳೆದು ದಡಕ್ಕೆ ಹತ್ತಿಸಿದ.

ಹತ್ತಿದ ಮೇಲೆ ಹೆಗಲು ಮುಟ್ಟಿ ನೋಡಿಕೊಂಡೆ. ಚೀಲ ಕಲ್ಲಿನ ಹತ್ತಿರವೇ ಉಳಿದಿತ್ತು, ಕ್ಯಾಮೆರಾ ಸಮೇತ.

“ನೀರು ಇಳೀಲಿ ಅಕ್ಕೋರೆ. ನಾಳೆ ನಾನೇ ತಂದ್ ಕೊಡ್ತೆ,” ಎಂದ.

“ಅಷ್ಟರಲ್ಲಿ ಕೊಚ್ಚಿಕೊಂಡು ಹೋಗುತ್ತದಲ್ಲ ಹೊನ್ನಪ್ಪ,” ಎಂದೆ.

ಅಷ್ಟೇ. ಆಜ್ಞೆ ಮಾಡಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಆದರೆ ಮನೆಗೆ ಬಂದ ಅಕ್ಕೋರು ಮುಖ ಸಣ್ಣ ಮಾಡಿದರೆ ಆತ ನಿಂತಾನೆಯೇ — ಅದು ನನಗೆ ಗೊತ್ತಿತ್ತು.

ಆತ ಮತ್ತೆ ನೀರಿಗಿಳಿದ, ಚೀಲವನ್ನು ತಲೆಯ ಮೇಲಿಟ್ಟುಕೊಂಡು ಬಂದ. ದಡ ಇನ್ನೇನು ಎರಡು ಮಾರು ಇದೆ ಎನ್ನುವಾಗ ಕಾಲು ಕೆಸರಲ್ಲಿ ಹೂತಿತು. ಚೀಲವನ್ನು ನನ್ನತ್ತ ಎಸೆದ. ನಾನು ಹಿಡಿದೆ — ಮೊದಲು ಚೀಲ ಹಿಡಿದೆ, ಆಮೇಲೆ ಕೂಗಿದೆ. ಹೊಳೆಯಲ್ಲೇ ಹುಟ್ಟಿ ಬೆಳೆದವನು. ಆದರೆ ಕೆಸರು ಕಾಲು ಹಿಡಿದರೆ ಈಜು ಏನು ಮಾಡೀತು? ಗದ್ದೆಯಿಂದ ಜನ ಓಡಿ ಬರುವಷ್ಟರಲ್ಲಿ ಮೇಲೆ ಬರಿಯ ನೀರು.

ಹೆಣ ಮೇಲೆತ್ತಿದ ಮೇಲೆ ಯಾರೋ ಕೇಳಿದರು, “ನಿಮ್ಮನ್ನ ದಡ ಮುಟ್ಟಿಸ್ದಂವ ಎಂತಕ್ಕೆ ವಾಪಸ್ ಹೋದ?” ಚೀಲ ನನ್ನ ಹೆಗಲ ಮೇಲಿತ್ತು. ಎಲ್ಲರೂ ನೋಡುತ್ತಿದ್ದರು. ಬಾಯಿಂದ ಬಂದದ್ದು — “ಆಚೆ ಬಿಟ್ಟುಬಂದಿದ್ದ ಬಳಚು ತರಲು.”

ನಾಗಕ್ಕ ಅಲ್ಲೇ ಇದ್ದಳು. ಅವಳ ಮುಖ ಹೇಗಾಯಿತು ಎಂಬುದನ್ನು... ಬೇಡ. ಅವಳ ಅತ್ತೆ ಎದೆ ಬಡಿದುಕೊಂಡು ಅವಳತ್ತ ತಿರುಗಿದಳು: “ಬಳಚು ತಾ ಅಂದವ್ಳು ನೀನೇ ಅಲಾ! ನನ್ ಮಗನ್ನ ತಿಂದೆ!” ಒಂದು ಮಾತು ಸಾಕಾಗಿತ್ತು ಆಗ. ನಾನು ಬಾಯಿ ಬಿಡಲಿಲ್ಲ. ಪೊಲೀಸರಿಗೂ ಬಳಚೆಂದೇ ಹೇಳಿದೆ. ಆರು ತಿಂಗಳ ಮೇಲೆ ನನ್ನ ಲೇಖನ ಅಚ್ಚಾಯಿತು, ಫೋಟೊಗಳೊಂದಿಗೆ. ಕೊನೆಗೆ ‘ಸಹಕರಿಸಿದ ಸ್ಥಳೀಯರಿಗೆ ಕೃತಜ್ಞತೆ’ ಎಂದು ಬರೆದಿದ್ದೆ. ಹೊನ್ನಪ್ಪನ ಹೆಸರು ಹಾಕಲಿಲ್ಲ, ಧೈರ್ಯ ಸಾಲಲಿಲ್ಲ.

ಹೋದ ತಿಂಗಳು ಆ ಊರಿಗೆ ಹೋದೆ. ನಾಗಕ್ಕ ಬಸಳೆ ಚಪ್ಪರಕ್ಕೆ ನೀರು ಹಾಕುತ್ತಿದ್ದಳು. ಗುರುತು ಹಿಡಿದು ಚಾಪೆ ಹಾಸಿದಳು. ನಾನು ಕುಳಿತುಕೊಳ್ಳಲಿಲ್ಲ, ನಿಂತೇ ಎಲ್ಲ ಹೇಳಿದೆ. ಅವಳು ಚಪ್ಪರದ ಕಂಬ ಹಿಡಿದು ಹೇಳಿದಳು:

“ಅತ್ತೆ ಸಾಯೂ ತನಕ ನನ್ ಕೈ ನೀರು ಕುಡೀಲಿಲ್ಲ ಅಕ್ಕೋರೆ. ಕಡೇ ದಿವ್ಸ ಬಾಯಿಗೆ ನೀರು ಬಿಡೂಕೆ ಹೋದ್ರೆ ಬಾಯಿ ಮುಚ್ಕಂಡ್ಳು.”

ಕ್ಷಮೆ ಕೇಳಲು ಬಾಯಿ ತೆರೆದೆ. ಅವಳು ಕೈ ಎತ್ತಿ ತಡೆದಳು.

“ನಂಗೆ ಹೇಳಿ ಎಂತ ಆತು? ಅಂದು ಹೇಳಿದ್ದು ಊರಿಗೆ. ಈಗ್ಲೂ ಊರಿಗೇ ಹೇಳಿ.”

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅದಕ್ಕಾಗಿ ಇದನ್ನು ಬರೆದಿದ್ದೇನೆ. ಬರುವ ಭಾನುವಾರ ಊರವರು ಸೇರುವವರಿದ್ದಾರೆ. ಹಿರಿಯರಲ್ಲಿ ಕೇಳಿಕೊಂಡಿದ್ದೇನೆ, ಒಪ್ಪಿದ್ದಾರೆ. ಅವರೆದುರು ನಿಂತು ಇದನ್ನು ಓದುತ್ತೇನೆ, ಒಂದು ಅಕ್ಷರ ಬಿಡದೆ. ನಾಗಕ್ಕ ಬರುತ್ತಾಳೋ ಇಲ್ಲವೋ ತಿಳಿಯದು. ಕೇಳಲೇಬೇಕಾಗಿದ್ದ ಅವಳ ಅತ್ತೆಯಂತೂ ಈಗ ಇಲ್ಲ.