ಮಾವನ ಹೆಸರು

ಯುಸ್ತಿನಾಳ ಬಾಯಿ ಜೋರು ಎಂದು ಹೊಳೆಯ ಮೇಲಿನ ಊರಿನಿಂದ ಕೆಳಗಿನ ಊರಿನವರೆಗೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ. ಅಷ್ಟು ಬಾಯಿ ಇಲ್ಲದಿದ್ದರೆ ಆ ಮುದುಕ ಮಾವನ ಜೊತೆ ಇಷ್ಟು ವರ್ಷ ಏಗಲಾಗುತ್ತಿತ್ತೇ? ಆದರೆ ಅಂಥ ಬಾಯಿಂದ ಒಂದು ಮಾತು ಮಾತ್ರ ಎಂದೂ ಹೊರಬಿದ್ದಿರಲಿಲ್ಲ. ಅದು ಮಾವನ ಹೆಸರು.

ನಮ್ಮ ಬೆನುವಾಕ್ ಜನರಲ್ಲಿ ಸೊಸೆ ಮಾವನ ಹೆಸರೆತ್ತುವಂತಿಲ್ಲ. ಎತ್ತಿದರೆ ಇಬ್ಬರಿಗೂ ಕೇಡು, ಮಾವನ ಆಯುಸ್ಸಿಗೇ ಕುತ್ತು. ಊರವರಿಗೆ ಅವನು 'ಹೆರ್ಮಾನನ ಅಪ್ಪ', ಯುಸ್ತಿನಾಗೆ ಬರೀ 'ಮಾವ'. ಹೊಳೆಯಲ್ಲಿ ಅದೇ ಹೆಸರಿನ ದೋಣಿಯವನೊಬ್ಬ ಇದ್ದ. ಅವನನ್ನೂ ಆಕೆ "ಏ ದೋಣಿ" ಎಂದೇ ಕೂಗುತ್ತಿದ್ದಳು. ಅವನು ಸಿಟ್ಟಾಗುತ್ತಿದ್ದ, ಆಗಲಿ.

ಒಂದು ವರ್ಷ ಮಾವನ ಬೆತ್ತದ ತೋಟದಲ್ಲಿ ಒಂದು ದೊಡ್ಡ ಮರ ಸಿಡಿಲು ಬಡಿದು ಒಣಗಿ ನಿಂತಿತು. ಅದರ ಬುಡದಲ್ಲಿ ತೀರಿಹೋದ ಅತ್ತೆ ನೆಟ್ಟ ಬೆತ್ತದ ಮೆಳೆ. ಬೆತ್ತಕ್ಕೆ ತನ್ನ ಕಾಲ ಮೇಲೆ ನಿಲ್ಲುವ ತ್ರಾಣವಿಲ್ಲ. ಗರಿಯ ತುದಿಯಲ್ಲಿ ಉದ್ದನೆಯ ಚಾಟಿ ಬಿಟ್ಟು, ಚಾಟಿಯ ತುಂಬಾ ಹಿಮ್ಮುಖ ಕೊಕ್ಕೆ ಬೆಳೆಸಿ, ಸಿಕ್ಕಿದ ಕೊಂಬೆಯನ್ನು ಕಚ್ಚಿಕೊಂಡು ಬಿಸಿಲಿಗೆ ಏರುತ್ತದೆ. ಒಮ್ಮೆ ಕಚ್ಚಿತೋ, ಬಿಡುವ ಮಾತೇ ಇಲ್ಲ. ಮರ ಉರುಳಿದರೆ ಮೆಳೆಯನ್ನೂ ಬುಡಸಮೇತ ಕಿತ್ತುಕೊಂಡು ಹೋಗುತ್ತದೆ. ಬಲಿತ ಬಳ್ಳಿಗಳನ್ನು ಬುಡದಲ್ಲಿ ಕಡಿದುಬಿಟ್ಟರೆ ಬೇರು ಉಳಿದು ಹೊಸ ಮೊಳಕೆ ಒಡೆಯುತ್ತದೆ.

ಗಂಡ ಹೆರ್ಮಾನ್ ಜ್ವರ ಬಂದು ಮಲಗಿದ್ದ. ಹಾಗಾಗಿ ಮಾವನ ಜೊತೆ ಸೊಸೆಯೇ ಹೊರಟಳು. ಬೆತ್ತ ಇಳಿಸುವಾಗ ಒಬ್ಬರು ಎಳೆಯಬೇಕು, ಇನ್ನೊಬ್ಬರು ದೂರ ನಿಂತು ಮೇಲೆ ನೋಡಬೇಕು. ಮುಳ್ಳಿನ ಗರಿಗಳೆಲ್ಲ ಮೈಮೇಲೆ ಬರುವ ಹೊತ್ತಿನಲ್ಲಿ ಎಳೆಯುವವನು ತಲೆ ಎತ್ತುವುದಿಲ್ಲ. ಅವನ ಜೀವ ನೋಡುವವರ ಕಣ್ಣಲ್ಲಿರುತ್ತದೆ.

ಮಾವ ಬುಡಗಳನ್ನು ಕಡಿದ. ಯುಸ್ತಿನಾಗೆ ಅಷ್ಟಕ್ಕೇ ಸಮಾಧಾನ.

"ಮಾವ, ಬುಡ ಕಡಿದಾಯ್ತಲ್ಲ, ಮೆಳೆ ಉಳೀತು. ಮೇಲಿಂದು ಹಾಳಾಗಿ ಹೋಗ್ಲಿ, ನಡೀರಿ ಮನೆಗೆ."

"ಇಷ್ಟುದ್ದ ಬೆತ್ತಾನ ಮಂಗಗಳಿಗೆ ಉಯ್ಯಾಲೆ ಆಡೋಕೆ ಬಿಟ್ಟು ಬರಲಾ? ನಿನ್ನಪ್ಪ ಬಿಡ್ತಿದ್ನೇನೋ."

"ನಮ್ಮಪ್ಪನ ಸುದ್ದಿ ಯಾಕೆ? ಮರ ಪೂರ್ತಿ ಸತ್ತಿದೆ ಮಾವ."

"ನಾನಿನ್ನೂ ಸತ್ತಿಲ್ವಲ್ಲ. ಮೇಲೆ ನೋಡು."

ನೋಡಿದಳು. ನೋಡಿದಳು ಅಂದರೆ, ಎವೆ ಮುಚ್ಚದೆ ನೋಡಿದಳು. ಹೆದರಿಕೆಗೆ ನಾಲಿಗೆ ನಿಲ್ಲಲೇ ಇಲ್ಲ. "ಮಾವ, ಪಕ್ಕಕ್ಕೆ ಸರೀರಿ" ಎಂದಳು, ಓಡಿದ್ದು ಬರೀ ಅಳಿಲು. "ಮಾವ, ಸಾಕು" ಎಂದಳು, ಬೆರಳುದ್ದದ ಪುಳ್ಳೆ ಬಿತ್ತು. ಪ್ರತಿ ಸಲವೂ ಮುದುಕ ಬಳ್ಳಿ ಬಿಟ್ಟು ಓಡಿದ, ಪ್ರತಿ ಸಲವೂ ಬೈಯುತ್ತಾ ವಾಪಸ್ಸು ಬಂದ. ಕೊನೆಗೆ ಓಡುವುದನ್ನೇ ಬಿಟ್ಟ.

"ಇನ್ನೊಂದ್ಸಲ ಮಾವ ಗೀವ ಅಂದ್ರೆ ಈ ಚಾಟೀನೇ ನಿನ್ನ ಬಾಯಿಗೆ ಸಿಕ್ಕಿಸ್ತೀನಿ ನೋಡು" ಎಂದ.

ಕೊನೆಯ ಬಳ್ಳಿ ಜಗ್ಗಲಿಲ್ಲ. ಮಾವ ಅದನ್ನು ಸೊಂಟಕ್ಕೆ ಒತ್ತಿ ಹಿಡಿದು, ಹಿಮ್ಮಡಿ ಊರಿ, ಹಿಂದಕ್ಕೆ ವಾಲಿದ. ಆಗ ಯುಸ್ತಿನಾಗೆ ಕಂಡಿತು. ಅವನ ನೆತ್ತಿಯ ಮೇಲಿದ್ದ ದಪ್ಪ ಕೊಂಬೆ ಕಾಂಡಕ್ಕೆ ಸೇರುವಲ್ಲಿ ಒಂದು ಬಿಳಿ ಗೆರೆ. ಮಾವ ಜಗ್ಗಿದಂತೆಲ್ಲ ಗೆರೆ ಬಾಯಿ ಬಿಡುತ್ತಿತ್ತು. ಸದ್ದೇ ಇರಲಿಲ್ಲ.

"ಮಾವ."

ಅವನು ತಿರುಗಲಿಲ್ಲ.

"ಮಾವ, ಬಿಡಿ. ಈ ಸಲ ನಿಜ, ಬಿಡಿ ಮಾವ."

"ತಲೆ ತಿನ್ಬೇಡ" ಎಂದು ಮತ್ತೂ ಬಲವಾಗಿ ಜಗ್ಗಿದ.

ಓಡಿ ಎಳೆದುಕೊಳ್ಳೋಣವೆಂದರೆ ಇಬ್ಬರ ನಡುವೆ ಇಳಿಸಿದ ಗರಿಗಳ ರಾಶಿ, ಎದೆಯೆತ್ತರದ ಮುಳ್ಳು. ಅವನು ಕಿವಿಗೊಡುವ ಮಾತು ಒಂದೇ ಉಳಿದಿತ್ತು. ಅವನ ಹೆಸರು. ಅದನ್ನೆತ್ತಿದರೆ ಅವನ ಆಯುಸ್ಸಿಗೆ ಕುತ್ತು, ಎತ್ತದಿದ್ದರೆ ಈಗಲೇ ಮುಗಿಯಿತು. ಆ ಹೆಸರು ಎಂದೂ ಎತ್ತಬೇಡ ಎಂದು ಮದುವೆಯ ದಿನ ಅತ್ತೆ ಕೆನ್ನೆ ಹಿಡಿದು ಹೇಳಿದ್ದು ನೆನಪಾಯಿತು, ಅವಳು ತುಟಿ ಕಚ್ಚಿದಳು. ಮೇಲಿನ ಗೆರೆ ಅಂಗೈಯಗಲವಾಯಿತು.

"ಲುಂಜಾನ್!"

ಮುದುಕ ಕೆಂಡ ಮುಟ್ಟಿದವನಂತೆ ಬಳ್ಳಿ ಬಿಟ್ಟು, ಕಣ್ಣು ಕೆಂಪಗೆ ಮಾಡಿಕೊಂಡು ಅವಳತ್ತ ಎರಡು ಹೆಜ್ಜೆ ಹಾಕಿದ. ಅವನು ನಿಂತಿದ್ದ ಜಾಗಕ್ಕೆ ಕೊಂಬೆ ಅಪ್ಪಳಿಸಿತು. ಇನ್ನೊಂದು ಹೆಜ್ಜೆಗೆ ಸಮಯ ಸಿಗಲಿಲ್ಲ, ಎಡಗಾಲು ಅಡಿಗೆ ಸಿಕ್ಕಿಬಿತ್ತು.

ಆ ಮುಳ್ಳಿನ ರಾಶಿಯನ್ನು ಹೇಗೆ ದಾಟಿದಳೋ ಅವಳಿಗೇ ಗೊತ್ತಿಲ್ಲ. ಗಳುವೊಂದನ್ನು ಸನ್ನೆ ಹಾಕಿ ಕೊಂಬೆಯನ್ನು ಮೀಟಿದಳು, ಅವನನ್ನು ಕಂಕುಳಿಗೆ ಕೈಕೊಟ್ಟು ಎಳೆದಳು. ಮೊಣಕಾಲಿನ ಕೆಳಗೆ ಮೂಳೆ ಎರಡಾಗಿತ್ತು. ಮರದ ತೊಗಟೆಯಿಟ್ಟು, ಹಸಿ ಬೆತ್ತ ಸೀಳಿ ಕಟ್ಟತೊಡಗಿದಳು. ಅವಳ ಅಂಗೈ ತುಂಬಾ ಮುಳ್ಳು ಮುರಿದಿದ್ದವು, ಕಣ್ಣು ಮಂಜಾಗುವಷ್ಟು ನೀರು.

"ತಪ್ಪಾಯ್ತು ಮಾವ. ಹೆಸರೆತ್ತಿಬಿಟ್ಟೆ. ಹಂದಿ ಕೊಯ್ಸಿ ಶಾಂತಿ ಮಾಡಿಸ್ತೀನಿ, ಏನು ದಂಡ ಹಾಕಿದ್ರೂ ತೆರ್ತೀನಿ."

ಮಾವ ಹಲ್ಲು ಕಚ್ಚಿಕೊಂಡು ಮೇಲೆ ನೋಡುತ್ತಿದ್ದ. ಕೊಂಬೆ ಕಿತ್ತುಬಂದ ಜಾಗ ಬೆಳ್ಳಗೆ ಕಾಣುತ್ತಿತ್ತು.

"ಅದು ಬಿರಿಯೋದು ನಿಂಗೆ ಯಾವಾಗ ಕಾಣಿಸ್ತು?"

"ಕೂಗೋಕಿಂತ ಮುಂಚೇನೇ."

"ಮಾವ ಅಂದಾಗ್ಲೇನಾ?"

"ಹೂಂ."

"ಬಾಯಿಗೇನು ಬಂದಿತ್ತು ನಿಂಗೆ? ಆಗ್ಲೇ ಹೆಸರು ಹಿಡಿದು ಕೂಗಿದ್ರೆ ಕಾಲೂ ಉಳೀತಿತ್ತಲ್ಲೇ, ಮಗಳೇ."

ಯುಸ್ತಿನಾ ಬೆತ್ತದ ಎಳೆಯನ್ನು ಕೈಯಲ್ಲಿ ಹಿಡಿದುಕೊಂಡೇ ಗೊಳೋ ಎಂದು ಅತ್ತುಬಿಟ್ಟಳು.